ಓದುಗರ ಪ್ರಶ್ನೆ, ನಮ್ಮ ಉತ್ತರ: ಟೆಕ್ಸಾಸ್‌ನ ಫ್ರೆಡರಿಕ್ಸ್‌ಬರ್ಗ್ ಬೆಳೆದ ಬಗೆ

ಟೆಕ್ಸಾಸ್‌ನ ಸಣ್ಣ ಊರುಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಫ್ರೆಡರಿಕ್ಸ್‌ಬರ್ಗ್ ಕುರಿತವು. ಆಸ್ಟಿನ್, ಸ್ಯಾನ್ ಆಂಟೋನಿಯೊದಲ್ಲಿರುವ ಕನ್ನಡಿಗರು ಶನಿವಾರ ಬೆಳಿಗ್ಗೆ ಹೊರಟು ರಾತ್ರಿಯೊಳಗೆ ಮನೆ ಸೇರಬಹುದಾದ ದೂರದಲ್ಲಿ ಈ ಊರಿದೆ. ಹಾಗಾಗಿ ಈ ಸಲದ ಪುಟಗಳನ್ನು ಪೂರ್ತಿ ಅದಕ್ಕೇ ಕೊಟ್ಟಿದ್ದೇವೆ.

ಪ್ರಶ್ನೆ: ಮಗಳು ಕಳಿಸಿದ ಫೋಟೊಗಳಲ್ಲಿ ಊರಿನ ಮುಖ್ಯರಸ್ತೆ ಹೆದ್ದಾರಿಯಷ್ಟು ಅಗಲ ಇದೆ. ಹಳೆಯ ಊರಿಗೆ ಅಷ್ಟು ದೊಡ್ಡ ರಸ್ತೆ ಯಾಕೆ? ಜರ್ಮನ್ನರು ಅಲ್ಲಿಗೆ ಬಂದದ್ದಾದರೂ ಹೇಗೆ? (ಶಿವಮೊಗ್ಗ)

ಈಗ ಅದು ನಿಜವಾಗಿಯೂ ಹೆದ್ದಾರಿಯೇ. ಯುಎಸ್ 290 ಎಂಬ ರಸ್ತೆ ಊರಿನ ಮೇನ್ ಸ್ಟ್ರೀಟ್ ಮೇಲೇ ಹಾದುಹೋಗುತ್ತದೆ. ಆದರೆ ಅಗಲ ಬಂದದ್ದು ಕಾರಿಗಾಗಿ ಅಲ್ಲ, ಎತ್ತಿಗಾಗಿ. ಹಲವು ಜೊತೆ ಎತ್ತು ಕಟ್ಟಿದ ಸರಕಿನ ಗಾಡಿ ಬೀದಿಯ ನಡುವೆ ಒಂದೇ ಸುತ್ತಿಗೆ ಹಿಂದಕ್ಕೆ ತಿರುಗಬೇಕು, ಅಷ್ಟು ಜಾಗ ಬಿಟ್ಟು ಬೀದಿ ಅಳೆದರು.

1842ರಲ್ಲಿ ಜರ್ಮನಿಯ ಕೆಲವು ಶ್ರೀಮಂತ ಮನೆತನದವರು ಸೇರಿ ‘ಆಡೆಲ್ಸ್‌ಫೆರೈನ್’ ಎಂಬ ಸಂಘ ಕಟ್ಟಿಕೊಂಡರು. ಜನರನ್ನು ಟೆಕ್ಸಾಸ್‌ಗೆ ಸಾಗಿಸಿ ನೆಲೆ ನಿಲ್ಲಿಸುವುದು ಸಂಘದ ಕೆಲಸ. ಸಂಸಾರಸ್ಥನಿಗೆ 320 ಎಕರೆ, ಒಂಟಿ ಗಂಡಸಿಗೆ 160 ಎಕರೆ ಕೊಡುತ್ತೇವೆ ಎಂದು ಮಾತು ಕೊಟ್ಟಿದ್ದರು. ಆ ಜಮೀನು ಇದ್ದದ್ದು ಲಾನೊ ನದಿಯ ಆಚೆ, ಕೊಮಾಂಚಿ ಬುಡಕಟ್ಟಿನವರ ಸೀಮೆಯಲ್ಲಿ. ಅದನ್ನು ಕಣ್ಣಾರೆ ನೋಡದೆಯೇ ಒಪ್ಪಂದಕ್ಕೆ ಸಹಿ ಹಾಕಿದ್ದರು. ಸಂಘದ ಮೊದಲ ತಪ್ಪು ಇದು, ಎಲ್ಲಕ್ಕಿಂತ ದೊಡ್ಡ ತಪ್ಪೂ ಇದೇ. ಕರಾವಳಿಯಿಂದ ಅಲ್ಲಿಗೆ ಒಂದೇ ಓಟದಲ್ಲಿ ತಲುಪುವಂತಿರಲಿಲ್ಲ. ನಡುವೆ ತಂಗುದಾಣಗಳು ಬೇಕಾದವು. 1845ರಲ್ಲಿ ನ್ಯೂ ಬ್ರೌನ್‌ಫೆಲ್ಸ್ ಎದ್ದಿತು, ಮರುವರ್ಷ ಫ್ರೆಡರಿಕ್ಸ್‌ಬರ್ಗ್. ಪ್ರಷ್ಯದ ರಾಜಕುಮಾರ ಫ್ರೆಡರಿಕ್‌ನ ಹೆಸರು ಈ ಊರಿಗೆ.

120 ಜನರ ಮೊದಲ ತಂಡ ನ್ಯೂ ಬ್ರೌನ್‌ಫೆಲ್ಸ್‌ನಿಂದ ಗಾಡಿ ಕಟ್ಟಿಕೊಂಡು ಹೊರಟು, 16 ದಿನ ನಡೆದು, 1846ರ ಮೇ 8ರಂದು ಇಲ್ಲಿಗೆ ಬಂತು. ಊರಿನ ನಕ್ಷೆ ಹಾಕಿದವನು ಹರ್ಮನ್ ವಿಲ್ಕೆ. ಹಳ್ಳದ ಪಕ್ಕದಲ್ಲೇ ಸಾಗುವ ಒಂದು ಉದ್ದನೆಯ ಬೀದಿ, ಅದರ ಎರಡೂ ಬದಿಗೆ ಮನೆ ನಿವೇಶನ. ರೈನ್ ನದಿ ದಂಡೆಯ ಹಳ್ಳಿಗಳ ಮಾದರಿ ಅದು. ಪ್ರತಿಯೊಬ್ಬರಿಗೂ ಊರೊಳಗೆ ಒಂದು ನಿವೇಶನ, ಊರ ಹೊರಗೆ 10 ಎಕರೆ ಹೊಲ. ಈ ಎರಡನ್ನೂ ನೆನಪಿನಲ್ಲಿ ಇಟ್ಟುಕೊಳ್ಳಿ. ಮುಂದಿನ ಅರ್ಧ ಉತ್ತರಗಳು ಇಲ್ಲಿಂದಲೇ ಹುಟ್ಟುತ್ತವೆ.

ಮೊದಲ ವರ್ಷವೇ ಘೋರ. ಆ ಬೇಸಿಗೆ ಮತ್ತು ಅದರ ಮುಂದಿನ ತಿಂಗಳುಗಳಲ್ಲಿ ರೋಗ ಹಬ್ಬಿ 100ರಿಂದ 150 ಜನ ಸತ್ತರು. ಊರಾಚೆ ಬಂದು ನೆಲೆಸಿದ್ದ ಮಾರ್ಮನ್ ಎಂಬ ಕ್ರೈಸ್ತ ಪಂಥದವರ ಬೀಸುವ ಗಿರಣಿ, ಮರ ಕೊಯ್ಯುವ ಗಿರಣಿ ಇವರ ಕೈಹಿಡಿದವು. ಎರಡು ವರ್ಷ ತುಂಬುವಷ್ಟರಲ್ಲಿ ಊರಿನ ಜನ ಸಾವಿರದ ಹತ್ತಿರ ಬಂದಿದ್ದರು. ಆದರೆ ಆ ಹೊತ್ತಿಗೆ ಸಂಘವೇ ಸಾಲದಲ್ಲಿ ಮುಳುಗಿತ್ತು. ಮಾತು ಕೊಟ್ಟ ದೂರದ ಜಮೀನು ಬಹಳ ಜನಕ್ಕೆ ಉಪಯೋಗಕ್ಕೆ ಬರಲೇ ಇಲ್ಲ. ದಾರಿಯಲ್ಲಿ ತಂಗಲೆಂದು ಕಟ್ಟಿದ ಊರೇ ಕೊನೆಗೆ ಅವರ ಊರಾಯಿತು.

ಪ್ರಶ್ನೆ: ಇಲ್ಲಿನ ಜರ್ಮನ್ನರು ಮೂಲನಿವಾಸಿಗಳ ಜೊತೆ ಮಾಡಿಕೊಂಡ ಒಪ್ಪಂದವನ್ನು ಎರಡೂ ಕಡೆಯವರು ಎಂದೂ ಮುರಿಯಲಿಲ್ಲ ಎನ್ನುತ್ತಾರೆ. ನಿಜವೇ? (ಧಾರವಾಡ)

ಅರ್ಧ ನಿಜ. ಸಂಘದ ಮುಖ್ಯಾಧಿಕಾರಿಯಾಗಿ ಬಂದವನು ಬ್ಯಾರನ್ ಓಟ್‌ಫ್ರೀಡ್ ಹಾನ್ಸ್ ಫಾನ್ ಮೊಯ್ಸೆಬಾಖ್. ಟೆಕ್ಸಾಸ್‌ಗೆ ಬಂದ ಮೇಲೆ ಬಿರುದು ಬಿಟ್ಟು ಜಾನ್ ಓ. ಮೊಯ್ಸೆಬಾಖ್ ಎಂದಷ್ಟೇ ಬರೆದುಕೊಂಡ. 1847ರ ಮಾರ್ಚ್ ಮೊದಲ ವಾರ ಸ್ಯಾನ್ ಸಾಬಾ ನದಿಯ ಬಳಿ ಪೆನಟೆಕಾ ಎಂಬ ಕೊಮಾಂಚಿ ಗುಂಪಿನ ಮುಖಂಡರ ಜೊತೆ ಕೂತು ಮಾತಾಡಿದ. ಮೇ 9ಕ್ಕೆ ಫ್ರೆಡರಿಕ್ಸ್‌ಬರ್ಗ್‌ನಲ್ಲಿ ಸಹಿ ಬಿತ್ತು. ಅವರ ಸೀಮೆಯಲ್ಲಿ ಇವರು ಭೂಮಿ ಅಳೆದು ನೆಲೆಸಬಹುದು, ಇವರ ಊರಿಗೆ ಅವರು ಅಂಜಿಕೆಯಿಲ್ಲದೆ ಬಂದು ಹೋಗಬಹುದು, 3,000 ಡಾಲರ್ ಬೆಲೆಯ ಕಾಣಿಕೆ ಕೊಡಬೇಕು. ಮುಖ್ಯ ಷರತ್ತು ಇಷ್ಟು.

ಸಹಿ ಹಾಕಿದವರ ಮಟ್ಟಿಗೆ ಮಾತು ಉಳಿಯಿತು, ಅದು ದೊಡ್ಡದೇ. ಆದರೆ ಕೊಮಾಂಚಿಗಳೆಲ್ಲ ಒಬ್ಬ ಮುಖಂಡನ ಕೆಳಗಿನ ಜನ ಅಲ್ಲ. ಒಪ್ಪಂದದಲ್ಲಿ ಇಲ್ಲದ ಗುಂಪುಗಳ ದಾಳಿ ಸುತ್ತಲಿನ ಹೊಲಮನೆಗಳ ಮೇಲೆ ನಡೆಯುತ್ತಲೇ ಇತ್ತು. ಇನ್ನೊಂದು ಕಡೆ, 1855ರಲ್ಲಿ ಪೆನಟೆಕಾಗಳನ್ನು ಬ್ರಾಜೋಸ್ ನದಿಯ ಕ್ಲಿಯರ್ ಫೋರ್ಕ್ ಬಳಿಯ ಮೀಸಲು ಪ್ರದೇಶಕ್ಕೆ ಸೇರಿಸಿದರು, 1859ರಲ್ಲಿ ಅಲ್ಲಿಂದಲೂ ಎಬ್ಬಿಸಿ ಟೆಕ್ಸಾಸ್ ಆಚೆಗೆ ಸಾಗಿಸಿದರು. ಹನ್ನೆರಡೇ ವರ್ಷ. ‘ಮುರಿಯದ ಒಪ್ಪಂದ’ ಎನ್ನುವವರು ಈ ಎರಡನೇ ಅರ್ಧವನ್ನೂ ಹೇಳಬೇಕು.

ಪ್ರಶ್ನೆ: ಅಡ್ಡರಸ್ತೆಗಳ ಹೆಸರಲ್ಲಿ ಏನೋ ಗುಟ್ಟಿದೆಯಂತೆ? (ಸ್ಯಾನ್ ಆಂಟೋನಿಯೊ)

ಇದೆ. ಕೋರ್ಟ್‌ಹೌಸ್ ಮುಂದೆ ನಿಂತು ಮೇನ್ ಸ್ಟ್ರೀಟ್‌ನಲ್ಲಿ ಪೂರ್ವಕ್ಕೆ ನಡೆಯಿರಿ. ಆಡಮ್ಸ್, ಲಾನೊ, ಲಿಂಕನ್, ವಾಷಿಂಗ್ಟನ್, ಎಲ್ಕ್, ಲೀ, ಕೊಲಂಬಸ್, ಆಲಿವ್, ಮೆಸ್ಕೀಟ್, ಈಗಲ್. ಇವುಗಳ ಇಂಗ್ಲಿಷ್ ಮೊದಲಕ್ಷರ ಕೂಡಿಸಿದರೆ ‘ಆಲ್ ವೆಲ್‌ಕಮ್’. ಪಶ್ಚಿಮಕ್ಕೆ ನಡೆದರೆ ಕ್ರಾಕೆಟ್, ಆರೆಂಜ್, ಮೈಲಮ್, ಎಡಿಸನ್, ಬೊವಿ, ಏಕಾರ್ನ್, ಚೆರ್ರಿ, ಕೇ. ಅದು ‘ಕಮ್ ಬ್ಯಾಕ್’. ಮಕ್ಕಳನ್ನು ಕರೆದುಕೊಂಡು ಹೋದರೆ ಫಲಕ ಓದಿಸುತ್ತಾ ನಡೆಸಿ, ಕಾಲುನೋವು ಮರೆಯುತ್ತಾರೆ.

ಪ್ರಶ್ನೆ: ‘ಸಂಡೇ ಹೌಸ್’ ಎಂದರೇನು? ಹಳೆಯ ಮನೆಗಳನ್ನು ಹೇಗೆ ಕಟ್ಟುತ್ತಿದ್ದರು? ನೋಡಲು ಹೋದಾಗ ಏನನ್ನು ಗಮನಿಸಬೇಕು? (ಆಸ್ಟಿನ್)

ಮೊದಲು ಗೋಡೆ. ಬಂದ ಹೊಸತರಲ್ಲಿ ಪೋಸ್ಟ್ ಓಕ್ ಮರದ ದಿಮ್ಮಿಗಳನ್ನು ನೆಟ್ಟಗೆ ನೆಲದಲ್ಲಿ ಹೂತು ಗುಡಿಸಲು ಮಾಡಿಕೊಂಡರು. ಮಣ್ಣೊಳಗೆ ಹೂತ ಮರ ಬುಡದಲ್ಲೇ ಲಡ್ಡಾಗುತ್ತದೆ, ಹಾಗಾಗಿ ಅವು ಹೆಚ್ಚು ಕಾಲ ನಿಲ್ಲಲಿಲ್ಲ. ಅದರ ನಂತರ ಬಂದದ್ದು ‘ಫಾಖ್‌ವೆರ್ಕ್’, ಜರ್ಮನಿಯಿಂದ ತಂದ ವಿದ್ಯೆ. ಕಲ್ಲಿನ ತಳಪಾಯದ ಮೇಲೆ ಮರದ ಅಡಿತೊಲೆ ಕೂರಿಸಿ, ಅದರ ಮೇಲೆ ಕಂಬ, ಕಂಬಗಳ ನಡುವೆ ಅಡ್ಡಪಟ್ಟಿ, ಚೌಕಟ್ಟು ವಾಲದಂತೆ ಮೂಲೆಗಳಲ್ಲಿ ಓರೆಯಾಗಿ ಊರುಗಂಬ. ನಡುವಿನ ಖಾಲಿ ಜಾಗಕ್ಕೆ ಸುಣ್ಣಕಲ್ಲಿನ ತುಂಡು ತುಂಬಿ, ಗಾರೆ ಬಳಿದು, ಸುಣ್ಣ ಹೊಡೆಯುವುದು. ಭಾರ ಹೊರುವುದು ಮರ, ಕಲ್ಲು ಬರೀ ತುಂಬಿಕೆ. ಕೈಯಲ್ಲಿ ಹಣ ಓಡಾಡತೊಡಗಿದ ಮೇಲೆ ಮರದ ಚೌಕಟ್ಟು ಬಿಟ್ಟು ಪೂರ್ತಿ ಸುಣ್ಣಕಲ್ಲಿನ ದಪ್ಪ ಗೋಡೆ ಎಬ್ಬಿಸಿದರು. ಹಾಗಾಗಿ ಒಂದೇ ಮನೆಯಲ್ಲಿ ಮುಂದೆ ಫಾಖ್‌ವೆರ್ಕ್, ಹಿಂದೆ ಕಲ್ಲಿನ ಕೋಣೆ ಕಂಡರೆ ಗೊಂದಲ ಬೇಡ. ಸಂಸಾರ ಬೆಳೆದ ಹಾಗೆ ಮನೆ ಹಿಂದಕ್ಕೆ ಬೆಳೆದಿದೆ.

ಈಗ ಸಂಡೇ ಹೌಸ್. 10 ಎಕರೆ ಹೊಲದಲ್ಲಿ ಆ ಸೀಮೆಯಲ್ಲಿ ಬದುಕು ಸಾಗದು. ಮಣ್ಣು ತೆಳು, ಮಳೆ ನಂಬುವಂತಿಲ್ಲ. ಜನ ಹತ್ತು, ಹದಿನೈದು ಮೈಲಿ ಆಚೆ ಹೆಚ್ಚು ಭೂಮಿ ಹಿಡಿದು ದನ ಕುರಿ ಸಾಕಲು ಹೋದರು. ಊರೊಳಗಿನ ನಿವೇಶನ ಮಾತ್ರ ಕೈಬಿಡಲಿಲ್ಲ. ಅಲ್ಲಿ ಒಂದು ಪುಟ್ಟ ಮನೆ ಕಟ್ಟಿಕೊಂಡರು. ಶನಿವಾರ ಗಾಡಿಯಲ್ಲಿ ಬಂದು ಸಂತೆ ಮುಗಿಸುವುದು, ರಾತ್ರಿ ಅಲ್ಲೇ ಮಲಗುವುದು, ಭಾನುವಾರ ಚರ್ಚು ಮುಗಿಸಿ ಹೊಲಮನೆಗೆ ಹಿಂದಿರುಗುವುದು. ಕಾಯಿಲೆಯವರನ್ನು ವೈದ್ಯರ ಹತ್ತಿರ ಇಡಬೇಕಾದರೂ ಮಕ್ಕಳನ್ನು ಓದಿಸಬೇಕಾದರೂ ಇದೇ ಮನೆ. ವಯಸ್ಸಾದ ಮೇಲೆ ಅಪ್ಪ ಅಮ್ಮ ಇಲ್ಲಿಗೇ ಬಂದು ನೆಲೆಸುವುದೂ ಇತ್ತು.

ಗುರುತಿಸುವುದು ಸುಲಭ. ಒಂದು ಅಥವಾ ಎರಡು ಕೋಣೆ, ಮುಂದೆ ಜಗಲಿ, ಮೇಲೆ ಅಟ್ಟ. ಆ ಅಟ್ಟಕ್ಕೆ ಹತ್ತುವ ಮೆಟ್ಟಿಲು ಎಷ್ಟೋ ಮನೆಗಳಲ್ಲಿ ಹೊರಗಿನ ಗೋಡೆಗೆ ಅಂಟಿಕೊಂಡಿರುತ್ತದೆ. ಇಷ್ಟು ಚಿಕ್ಕ ಮನೆಯೊಳಗೆ ಮೆಟ್ಟಿಲು ಹಾಕಿದರೆ ಕೋಣೆಯ ಒಂದು ಮೂಲೆಯೇ ಹೋಗುತ್ತದೆ ಎಂಬ ಲೆಕ್ಕ. ಮಕ್ಕಳು ಮಲಗುವುದು ಅಟ್ಟದಲ್ಲಿ. ಪಯನೀರ್ ಮ್ಯೂಸಿಯಂ ಆವರಣದಲ್ಲಿ 1904ರ ವೆಬರ್ ಸಂಡೇ ಹೌಸ್ ಇದೆ. ಅದೇ ಆವರಣದ ಕಾಮ್‌ಲಾ ಮನೆಯನ್ನೂ ನೋಡಿ, ಮೊದಲ ತಲೆಮಾರಿನ ಮನೆ ಹೇಗೆ ಹಂತಹಂತವಾಗಿ ಹಿಗ್ಗಿತು ಎಂಬುದು ಅಲ್ಲಿ ತಿಳಿಯುತ್ತದೆ. ಕಾರು ಮತ್ತು ಒಳ್ಳೆಯ ರಸ್ತೆ ಬಂದ ಮೇಲೆ ಊರಲ್ಲಿ ರಾತ್ರಿ ತಂಗುವ ಅಗತ್ಯ ತಪ್ಪಿತು, ಸಂಡೇ ಹೌಸ್ ಕಟ್ಟುವುದು ನಿಂತಿತು.

ರಿಪೇರಿಯಲ್ಲಿ ಆಗುವ ಒಂದು ತಪ್ಪನ್ನು ಇಲ್ಲೇ ಹೇಳಬೇಕು, ನಮ್ಮ ಗಾರೆ ಮನೆಗಳಿಗೂ ಇದು ಅನ್ವಯಿಸುತ್ತದೆ. ಸುಣ್ಣದ ಗಾರೆಯ ಗೋಡೆ ಒದ್ದೆಯಾದರೂ ಉಸಿರಾಡಿ ಒಣಗುತ್ತದೆ. ಅದರ ಸಂದಿಗೆ ಸಿಮೆಂಟ್ ಮೆತ್ತಿದರೆ ನೀರು ಹೊರಬರಲು ದಾರಿ ಸಿಗುವುದಿಲ್ಲ. ಸುಣ್ಣಕಲ್ಲು ಸಿಮೆಂಟಿಗಿಂತ ಮೆದು, ಹಾಗಾಗಿ ಸಂದಿ ಗಟ್ಟಿಯಾಗಿ ನಿಲ್ಲುತ್ತದೆ, ಕಲ್ಲಿನ ಮುಖ ಪದರಪದರವಾಗಿ ಉದುರುತ್ತದೆ. ಫಾಖ್‌ವೆರ್ಕ್ ಆದರೆ ಒಳಗಿನ ಕಂಬವೇ ಕೊಳೆಯುತ್ತದೆ. ಹಳೆಯ ಗೋಡೆ ನೋಡುವಾಗ ಬೂದು ಬಣ್ಣದ ಗಡಸು ಸಂದಿ ಕಂಡರೆ ಅದರ ಅಕ್ಕಪಕ್ಕದ ಕಲ್ಲನ್ನು ಗಮನಿಸಿ. ಸರಿಯಾದ ಕ್ರಮವೆಂದರೆ ಹಳೆಯ ಸಂದಿಯನ್ನು ಕೈ ಉಳಿಯಿಂದ ಕೆರೆದು, ನೀರು ಚಿಮುಕಿಸಿ, ಸುಣ್ಣದ ಗಾರೆಯನ್ನೇ ತುಂಬುವುದು.

ಮಾರುಕಟ್ಟೆ ಚೌಕದ ಎಂಟು ಮೂಲೆಯ ‘ಫೆರೈನ್ಸ್ ಕಿರ್ಖೆ’ ಬಗ್ಗೆಯೂ ಕೆಲವರು ಕೇಳಿದ್ದಾರೆ. ಮೂಲ ಕಟ್ಟಡ 1847ರದು. ಚರ್ಚು, ಶಾಲೆ, ಊರ ಸಭೆ, ಅಪಾಯ ಬಂದರೆ ಅಡಗುವ ಕೋಟೆ, ಎಲ್ಲವೂ ಅದೇ. ಆಕಾರ ನೋಡಿ ಜನ ಅದನ್ನು ಕಾಫಿ ಬೀಸುವ ಯಂತ್ರ ಎಂದು ಕರೆದರು. ಊರಿಗೆ 50 ತುಂಬಿದ ಹಬ್ಬ ಆದ ಮೇಲೆ ಅದನ್ನು ಕೆಡವಿದರು. ಈಗ ನಿಂತಿರುವುದು 1930ರ ದಶಕದಲ್ಲಿ ಕಟ್ಟಿದ ಪ್ರತಿರೂಪ.

ಪ್ರಶ್ನೆ: ಈ ಊರಿಗೆ ರೈಲು ಇತ್ತೇ? (ಅರಸೀಕೆರೆ)

ಇತ್ತು, ಬಂದದ್ದು ತಡವಾಗಿ. 1913ರಲ್ಲಿ ಕಂಫರ್ಟ್ ಕಡೆಯಿಂದ ಸುಮಾರು 24 ಮೈಲಿ ಹಳಿ ಹಾಕಿದರು. ನಡುವಿನ ಗುಡ್ಡವನ್ನು ದಾಟಲು 920 ಅಡಿ ಸುರಂಗ ಕೊರೆಯಬೇಕಾಯಿತು. ಸಾಲ ಭಾರ, ಏರು ಹೆಚ್ಚು, ವೇಗ ಕಡಿಮೆ. ಕೆಲವೇ ವರ್ಷಗಳಲ್ಲಿ ಲಾರಿ ಪೈಪೋಟಿಗೆ ಇಳಿಯಿತು. 1942ರಲ್ಲಿ ರೈಲು ನಿಂತಿತು, ಹಳಿ ಗುಜರಿಗೆ ಹೋಯಿತು. ರೈಲು 1880ರಲ್ಲೇ ಬಂದಿದ್ದರೆ ಮುಖ್ಯ ಬೀದಿಯ ಹಳೆಯ ಮನೆಗಳ ಜಾಗದಲ್ಲಿ ಗೋದಾಮು, ಕಾರ್ಖಾನೆ ಎದ್ದಿರುತ್ತಿದ್ದವು ಎಂಬುದು ನಮ್ಮ ಅನಿಸಿಕೆ. ಊರು ಬಡವಾಗಿ ಉಳಿದದ್ದರಿಂದ ಮನೆಗಳು ಉಳಿದವು.

ಸುರಂಗ ಈಗ ಓಲ್ಡ್ ಟನಲ್ ಸ್ಟೇಟ್ ಪಾರ್ಕ್. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮೂವತ್ತು ಲಕ್ಷದವರೆಗೂ ಮೆಕ್ಸಿಕನ್ ಬಾವಲಿಗಳು ಅಲ್ಲಿರುತ್ತವೆ. ಮುಸ್ಸಂಜೆಗೆ ಸುರಂಗದ ಬಾಯಿಂದ ಸುಳಿಸುಳಿಯಾಗಿ ಹೊರಬರುತ್ತವೆ. ಹೊರಡುವ ಹೊತ್ತು ದಿನದಿಂದ ದಿನಕ್ಕೆ ಬದಲಾಗುತ್ತದೆ, ಅದೇ ದಿನ ವಿಚಾರಿಸಿಕೊಂಡು ಹೋಗಿ. ಟಾರ್ಚ್, ಫ್ಲ್ಯಾಶ್ ಹಾಕಬೇಡಿ.

ಪ್ರಶ್ನೆ: ಕಡಲೇ ಇಲ್ಲದ ಊರಲ್ಲಿ ಪೆಸಿಫಿಕ್ ಯುದ್ಧದ ಮ್ಯೂಸಿಯಂ ಯಾಕೆ? (ಮಂಗಳೂರು)

ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ನೌಕಾಪಡೆಯನ್ನು ನಡೆಸಿದ, 1945ರ ಸೆಪ್ಟೆಂಬರ್ 2ರಂದು ‘ಮಿಸೌರಿ’ ಹಡಗಿನ ಮೇಲೆ ಅಮೆರಿಕದ ಪರವಾಗಿ ಜಪಾನಿನ ಶರಣಾಗತಿ ಪತ್ರಕ್ಕೆ ಸಹಿ ಹಾಕಿದ ಅಡ್ಮಿರಲ್ ಚೆಸ್ಟರ್ ನಿಮಿಟ್ಜ್ ಹುಟ್ಟಿದ್ದು ಇಲ್ಲಿ, 1885ರ ಫೆಬ್ರವರಿ 24ರಂದು. ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದರು. ಅಜ್ಜ ಮೇನ್ ಸ್ಟ್ರೀಟ್‌ನಲ್ಲಿ ಹೋಟೆಲ್ ನಡೆಸುತ್ತಿದ್ದರು, ಅದರ ಮುಂಭಾಗವನ್ನು ಹಡಗಿನ ಆಕಾರದಲ್ಲೇ ಕಟ್ಟಿಸಿದ್ದರು. ಆ ಹೋಟೆಲ್ ಕಟ್ಟಡ ಇವತ್ತು ಮ್ಯೂಸಿಯಂನ ಭಾಗ. ತನ್ನೊಬ್ಬನ ಹೆಸರಿಗೆ ಸ್ಮಾರಕ ಬೇಡ, ತನ್ನ ಜೊತೆ ದುಡಿದ ಎಲ್ಲರಿಗೂ ಸಲ್ಲಬೇಕು ಎಂಬುದು ನಿಮಿಟ್ಜ್ ಅವರ ಒತ್ತಾಯವಾಗಿತ್ತು. ಹಿತ್ತಲಿನ ಜಪಾನೀ ಶಾಂತಿವನ ಜಪಾನಿನವರು ಕೊಟ್ಟ ಕೊಡುಗೆ, 1976ರದು. ಒಳಗೆ ನೋಡಲು ಕಡಿಮೆಯೆಂದರೂ ಮೂರು ಗಂಟೆ ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಮಕ್ಕಳಲ್ಲಿ ಕನ್ನಡ ಒಂದು ತಲೆಮಾರಿಗೇ ಜಾರುತ್ತಿದೆ. ಅಲ್ಲಿ ಜರ್ಮನ್ ನೂರು ವರ್ಷ ಹೇಗೆ ಉಳಿಯಿತು? (ಡಲ್ಲಾಸ್)

ಮನೆಯಲ್ಲಿ ಆಡಿದ್ದರಿಂದ ಮಾತ್ರ ಅಲ್ಲ. ಚರ್ಚಿನ ಪ್ರಾರ್ಥನೆ, ಶಾಲೆಯ ಪಾಠ, ಅಂಗಡಿಯ ಚೌಕಾಸಿ, ವಾರಪತ್ರಿಕೆ, ಹಾಡಿನ ಕೂಟ ಎಲ್ಲವೂ ಜರ್ಮನ್‌ನಲ್ಲೇ ನಡೆಯುತ್ತಿದ್ದವು. ಆ ಭಾಷೆ ಬಾರದೆ ಊರಲ್ಲಿ ವ್ಯವಹಾರ ಸಾಗುತ್ತಿರಲಿಲ್ಲ. ಉಳಿದ ಟೆಕ್ಸಾಸ್‌ನಿಂದ ಬೇರೆಯಾಗಿ ನಿಂತ ಇತಿಹಾಸವೂ ಸೇರಿಕೊಂಡಿತ್ತು. 1861ರಲ್ಲಿ ಅಮೆರಿಕ ಒಕ್ಕೂಟದಿಂದ ಹೊರಬರುವ ಪ್ರಶ್ನೆ ಮತಕ್ಕೆ ಬಂದಾಗ ರಾಜ್ಯ ‘ಹೊರಬರೋಣ’ ಎಂದಿತು, ಈ ಊರು ಸೇರಿರುವ ಗಿಲೆಸ್ಪಿ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು) ಶೇ 96 ಜನ ‘ಬೇಡ’ ಎಂದರು. ಅದಕ್ಕೆ ತೆತ್ತ ಬೆಲೆ ದೊಡ್ಡದು. 1862ರ ಆಗಸ್ಟ್ 10ರಂದು ಮೆಕ್ಸಿಕೊ ಕಡೆಗೆ ಹೊರಟಿದ್ದ ಜರ್ಮನ್ ತಂಡವನ್ನು ನುಯೇಸಿಸ್ ನದಿಯ ಬಳಿ ಕಾನ್ಫೆಡರೇಟ್, ಅಂದರೆ ಒಕ್ಕೂಟ ಬಿಟ್ಟ ದಕ್ಷಿಣದ ರಾಜ್ಯಗಳ ಸೈನಿಕರು ಮುತ್ತಿದರು, ಗಾಯಗೊಂಡು ಸೆರೆಸಿಕ್ಕವರನ್ನೂ ಬಿಡದೆ ಕೊಂದರು.

ಮುರಿದದ್ದು ಶಾಲೆಯಿಂದ. ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನ್ ಎಂದರೆ ಶತ್ರುವಿನ ಭಾಷೆ ಎಂಬ ಭಾವನೆ ಹಬ್ಬಿತು. 1918ರ ಟೆಕ್ಸಾಸ್ ಕಾನೂನು ಪಾಠವನ್ನು ಇಂಗ್ಲಿಷ್‌ಗೆ ಸೀಮಿತ ಮಾಡಿತು. ಆಟದ ಬಯಲಿನ ಭಾಷೆ ಬದಲಾದ ಮೇಲೆ ಮನೆಯ ಭಾಷೆ ಎರಡು ತಲೆಮಾರಿಗೆ ಸೋತಿತು. ಈಗ ಆಡುವವರು ತೀರಾ ವಯಸ್ಸಾದವರು. 2001ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಹಾನ್ಸ್ ಬೋವಾಸ್ ಈ ಹಿರಿಯರ ಮಾತನ್ನು ಧ್ವನಿಮುದ್ರಿಸುವ ಕೆಲಸ ಶುರುಮಾಡಿದರು. ಆ ಪದಗಳು ನೋಡಲು ಚೆಂದ: ಸ್ಕಂಕ್ ಎಂಬ ನಾರುವ ಪ್ರಾಣಿಗೆ ‘ಷ್ಟಿಂಕ್‌ಕಾಟ್ಸೆ’, ಅಂದರೆ ನಾತಬೆಕ್ಕು. ವಿಮಾನಕ್ಕೆ ‘ಲುಫ್ಟ್‌ಷಿಫ್’, ಗಾಳಿಹಡಗು. ಜರ್ಮನಿಯಲ್ಲಿ ವಿಮಾನಕ್ಕೆ ಬೇರೆ ಹೆಸರು ರೂಢಿಯಾಗುವ ಎಷ್ಟೋ ಮೊದಲೇ ಇವರು ಊರು ಬಿಟ್ಟಿದ್ದರು. ನಿಮ್ಮ ಪ್ರಶ್ನೆಗೆ ನೇರ ಉತ್ತರ: ವಾರಕ್ಕೊಂದು ಕನ್ನಡ ತರಗತಿಗಿಂತ, ಮಕ್ಕಳು ತಮ್ಮತಮ್ಮಲ್ಲಿ ಕನ್ನಡದಲ್ಲೇ ಆಡುವ ಒಂದು ಜಾಗ ಹೆಚ್ಚು ಕೆಲಸ ಮಾಡುತ್ತದೆ.

ಪ್ರಶ್ನೆ: ಇಷ್ಟು ಪ್ರಸಿದ್ಧ ಊರಿನ ಜನಸಂಖ್ಯೆ ಹತ್ತು ಸಾವಿರ ಚಿಲ್ಲರೆಯಲ್ಲೇ ಯಾಕೆ ನಿಂತಿದೆ? ಮನೆ ಬೆಲೆ ಮಾತ್ರ ಆಕಾಶಕ್ಕೆ ಏರಿದೆಯಲ್ಲ? (ಹ್ಯೂಸ್ಟನ್)

ಲೆಕ್ಕ ನೋಡಿ. 1990ರಲ್ಲಿ 6,934. 2000ದಲ್ಲಿ 8,911. 2010ರಲ್ಲಿ 10,530. 2020ರಲ್ಲಿ 10,875. ಕೊನೆಯ ಹತ್ತು ವರ್ಷದಲ್ಲಿ ಹೆಚ್ಚಿದ್ದು 345 ಜನ. ಅದೇ ಅವಧಿಯಲ್ಲಿ ಇಡೀ ಕೌಂಟಿ 24,837ರಿಂದ 26,725ಕ್ಕೆ ಏರಿತು, ಅಂದರೆ 1,888. ಊರ ಗಡಿಯ ಹೊರಗೆ 1,543 ಜನ ಸೇರಿದ್ದಾರೆ. ಬೆಳವಣಿಗೆ ನಿಂತಿಲ್ಲ, ಬೇಲಿ ದಾಟಿದೆ.

ಕಾರಣ ಒಂದಲ್ಲ. ಊರೊಳಗೆ ವಾಸಕ್ಕೆ ಇದ್ದ ಹಳೆಯ ಮನೆಗಳು, ಸಂಡೇ ಹೌಸ್‌ಗಳು ಹೋಮ್‌ಸ್ಟೇ ಆದವು. 1846ರ ಉದ್ದ ನಿವೇಶನದ ಹಿಂದೆ ಇನ್ನೊಂದು ಚಿಕ್ಕ ಮನೆ ಎಬ್ಬಿಸಲು ಜಾಗವಿದೆ, ಅದೂ ಬಾಡಿಗೆಗೇ. ತಿಂಗಳ ಬಾಡಿಗೆಗಿಂತ ನಾಲ್ಕು ವಾರಾಂತ್ಯದ ಗಳಿಕೆ ಹೆಚ್ಚಾದಾಗ ಮಾಲೀಕರು ಯಾವುದನ್ನು ಆರಿಸುತ್ತಾರೆ ಎಂದು ಹೇಳಬೇಕಿಲ್ಲ. ಹೋಟೆಲಿನಲ್ಲಿ, ಅಂಗಡಿಯಲ್ಲಿ ದುಡಿಯುವವರು ದೂರದಿಂದ ಓಡಾಡುತ್ತಾರೆ. ನಗರ ಪರವಾನಗಿ ನಿಯಮ ಬಿಗಿ ಮಾಡಿದೆ, ಆದರೆ ಈಗಾಗಲೇ ಬದಲಾದ ಮನೆಯನ್ನು ವಾಸಕ್ಕೆ ಮರಳಿಸುವುದು ಕಷ್ಟ.

ತೆರಿಗೆಯೂ ಇದೇ ದಿಕ್ಕಿಗೆ ತಳ್ಳುತ್ತದೆ. 30 ದಿನಕ್ಕಿಂತ ಕಡಿಮೆ ತಂಗಿದರೆ ಕೋಣೆಯ ಬಾಡಿಗೆ ಮೇಲೆ ರಾಜ್ಯಕ್ಕೆ ಶೇ 6, ನಗರಕ್ಕೆ ಶೇ 7. ರಾತ್ರಿಗೆ 250 ಡಾಲರಿನಂತೆ ಎರಡು ರಾತ್ರಿಯ 500 ಡಾಲರಿಗೆ 65 ಡಾಲರ್ ತೆರಿಗೆ, ಅದರಲ್ಲಿ 35 ನಗರದ್ದು. ಆದರೆ ಟೆಕ್ಸಾಸ್ ಕಾನೂನಿನಂತೆ ನಗರ ಆ ಹಣವನ್ನು ಪ್ರವಾಸೋದ್ಯಮ ಬೆಳೆಸುವ ಕೆಲಸಕ್ಕೇ ಖರ್ಚು ಮಾಡಬೇಕು. ಪ್ರಚಾರ ಮಾಡಬಹುದು, ಮಿತಿಯೊಳಗೆ ಹಳೆಯ ಕಟ್ಟಡ ಉಳಿಸಬಹುದು. ನೀರಿನ ಪೈಪು ಬದಲಿಸುವಂತಿಲ್ಲ, ದುಡಿಯುವವರಿಗೆ ಮನೆ ಕಟ್ಟುವಂತಿಲ್ಲ. ಪ್ರವಾಸಿಗಳ ಹಣ ಇನ್ನಷ್ಟು ಪ್ರವಾಸಿಗಳನ್ನು ಕರೆಯಲು ಹೋಗುತ್ತದೆ. ಊರಿನ ಮುಖ್ಯ ತೊಡಕು ಇಲ್ಲೇ ಇದೆ ಎನ್ನುವುದು ನಮ್ಮ ಖಚಿತ ಅಭಿಪ್ರಾಯ.

ಗಡಿಯ ಹೊರಗೆ ಹೋದರೆ ಇನ್ನೊಂದು ಕಥೆ. ಟೆಕ್ಸಾಸ್‌ನಲ್ಲಿ ಕೌಂಟಿಗೆ ಸಾಮಾನ್ಯವಾಗಿ ವಲಯ ನಿಯಮ ಮಾಡುವ ಅಧಿಕಾರವಿಲ್ಲ. ಎಲ್ಲಿ ಮನೆ, ಎಲ್ಲಿ ಅಂಗಡಿ ಎಂದು ಅದು ಹೇಳಲಾರದು. 2019ರ ಕಾನೂನಿನ ನಂತರ ಜನರ ಒಪ್ಪಿಗೆಯಿಲ್ಲದೆ ನಗರ ಹೊರಗಿನ ಜಾಗವನ್ನು ಸೇರಿಸಿಕೊಳ್ಳುವಂತೆಯೂ ಇಲ್ಲ. ಹಾಗಾಗಿ ಹೊರಗಿನ ರಸ್ತೆಗಳ ಬದಿಗೆ ವೈನರಿ, ಹೋಮ್‌ಸ್ಟೇ, ದೊಡ್ಡ ನಿವೇಶನದ ಮನೆಗಳು ಸಾಲುಗಟ್ಟಿವೆ. ನೀರು ಎಲ್ಲರಿಗೂ ಬೋರ್‌ವೆಲ್‌ನದೇ. ನಗರದ ಬಾವಿಗಳೂ ಎಲೆನ್‌ಬರ್ಗರ್, ಹೆನ್ಸೆಲ್ ಎಂಬ ಅಂತರ್ಜಲ ಪದರಗಳಿಂದಲೇ ಎಳೆಯುತ್ತವೆ. ಇಲ್ಲಿ ಜಾಗ ಕೊಳ್ಳುವ ಯೋಚನೆ ಇದ್ದರೆ ಮನೆಯ ನಕ್ಷೆಗಿಂತ ಮೊದಲು ಬಾವಿಯ ಆಳ, ಗಂಟೆಗೆ ಬರುವ ನೀರು, ಬರದ ವರ್ಷದಲ್ಲಿ ಮಟ್ಟ ಎಷ್ಟು ಇಳಿದಿತ್ತು ಎಂಬುದನ್ನು ಕೇಳಿ. ಜಿಲ್ಲಾ ಅಂತರ್ಜಲ ಕಚೇರಿ ಊರಲ್ಲೇ ಇದೆ.

ಪ್ರಶ್ನೆ: ಪೀಚ್ ಹಣ್ಣಿಗೆ ಯಾವಾಗ ಹೋಗಬೇಕು? ಒಂದು ವರ್ಷ ತುಂಬಿ ತುಳುಕುತ್ತದೆ, ಮರುವರ್ಷ ಅಂಗಡಿ ಖಾಲಿ. (ಆಸ್ಟಿನ್)

1920ರ ದಶಕದಲ್ಲಿ ಬಿ. ಎಲ್. ಎಂಡರ್ಲೆ ಎಂಬ ಶಾಲಾ ಮೇಷ್ಟ್ರು ಸಣ್ಣದಾಗಿ ಶುರುಮಾಡಿದ ಬೆಳೆ ಇದು. ಈಗ ಪಕ್ಕದ ಸ್ಟೋನ್‌ವಾಲ್‌ವರೆಗೆ ತೋಟಗಳಿವೆ. ಮೇ ನಡುವಿನಿಂದ ಆಗಸ್ಟ್ ಮೊದಲ ವಾರದವರೆಗೆ ಹಂಗಾಮು. ಮೇ ತಿಂಗಳ ಹಣ್ಣಿಗೆ ತಿರುಳು ಗೊರಟೆಗೆ ಅಂಟಿರುತ್ತದೆ, ತಿನ್ನಲು ಸೈ, ಹೆಚ್ಚಲು ಕಷ್ಟ. ಜೂನ್ ನಡುವಿನ ನಂತರ ಬರುವುದರಲ್ಲಿ ಗೊರಟೆ ಸಲೀಸಾಗಿ ಬಿಡುತ್ತದೆ, ಜಾಮ್‌ಗೆ ಅದನ್ನೇ ಕೊಳ್ಳಿ.

ಏರುಪೇರಿಗೆ ಎರಡು ಕಾರಣ. ಮರಕ್ಕೆ ಚಳಿಗಾಲದಲ್ಲಿ ನಿದ್ದೆ ಬೇಕು. ತಳಿಯ ಪ್ರಕಾರ ಸುಮಾರು 600ರಿಂದ 900 ಗಂಟೆ, 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ. ಚಳಿಗಾಲ ಬೆಚ್ಚಗಿದ್ದರೆ ಆ ಲೆಕ್ಕ ತುಂಬುವುದಿಲ್ಲ, ಎಲೆ ಹೂ ಹೊತ್ತುಗೊತ್ತಿಲ್ಲದೆ ಚೆದುರಿ ಬಿಡುತ್ತವೆ, ಕಾಯಿ ಕಚ್ಚುವುದಿಲ್ಲ. ಇನ್ನೊಂದು, ಮಾರ್ಚಿಯ ಹಿಮ. ಪೂರ್ತಿ ಅರಳಿದ ಹೂವಿನ ಮೇಲೆ ಉಷ್ಣಾಂಶ ಅರ್ಧ ಗಂಟೆ ಮೈನಸ್ 2.8ಕ್ಕೆ ಇಳಿದರೆ ಹತ್ತರಲ್ಲಿ ಒಂದು ಹೂ ಸಾಯುತ್ತದೆ, ಮೈನಸ್ 4.4ಕ್ಕೆ ಇಳಿದರೆ ಹತ್ತರಲ್ಲಿ ಒಂಬತ್ತು. ಒಂದೂವರೆ ಡಿಗ್ರಿಯ ಅಂತರದಲ್ಲಿ ವರ್ಷದ ಬೆಳೆ ಹೋಗುತ್ತದೆ. ಅದಕ್ಕೇ ತೋಟದ ನಡುವೆ ಎತ್ತರದ ಕಂಬದ ಮೇಲೆ ದೊಡ್ಡ ಫ್ಯಾನ್ ನಿಲ್ಲಿಸಿರುತ್ತಾರೆ, ಮೇಲಿನ ಬೆಚ್ಚಗಿನ ಗಾಳಿಯನ್ನು ಕೆಳಕ್ಕೆ ತರಲು. ಮಾರ್ಚಿ ಕೊನೆಗೆ ತೋಟದವರಿಗೆ ಫೋನ್ ಮಾಡಿ ಕೇಳಿದರೆ ಆ ವರ್ಷದ ಬೆಳೆ ಹೇಗೆ ಎಂದು ತಿಳಿಯುತ್ತದೆ.

ಆರಿಸುವಾಗ ಕೆಂಪು ನೋಡಿ ಮೋಸ ಹೋಗಬೇಡಿ, ಅದು ತಳಿಯ ಬಣ್ಣ. ತೊಟ್ಟಿನ ಸುತ್ತ ಹಸಿರು ಹೋಗಿ ಹಳದಿ ತಿರುಗಿರಬೇಕು, ಮೂಗಿನ ಹತ್ತಿರ ಹಿಡಿದರೆ ವಾಸನೆ ಬರಬೇಕು. ಮನೆಗೆ ತಂದು ತೊಟ್ಟು ಕೆಳಗೆ ಮಾಡಿ ಒಂದೇ ಸಾಲಲ್ಲಿ ಹರಡಿ. ಮೆತ್ತಗಾದ ಮೇಲೆ ಫ್ರಿಜ್. ಗಟ್ಟಿಯಿರುವಾಗಲೇ ಫ್ರಿಜ್‌ಗೆ ಹಾಕಿದರೆ ತಿರುಳು ಹಿಟ್ಟುಹಿಟ್ಟಾಗುತ್ತದೆ.